ಪಕ್ಕದ ಕುರ್ಚಿಯ ಗುರುತು

ಹೆಂಡತಿ ಮಲಗಿರುವ ಕೋಣೆಯಲ್ಲಿ, ಅವಳ ನಿದ್ದೆ ಕೆಡದ ಹಾಗೆ, ತಾನು ತಾನೇ ಎಂದು ಸಾಬೀತು ಮಾಡುವುದು ಬೆಳಿಗ್ಗೆ ಒಂಬತ್ತರಿಂದಲೂ ಅವನಿಂದ ಆಗಿರಲಿಲ್ಲ. ಅವಳು ಆಸ್ಪತ್ರೆಯಲ್ಲಿ ನರ್ಸ್. ರಾತ್ರಿ ಪಾಳಿ ಮುಗಿಸಿ ಬಂದವಳು ಕಾಲುಚೀಲವನ್ನೂ ಬಿಚ್ಚದೆ ಮಲಗಿಬಿಟ್ಟಿದ್ದಳು. ಕಂಪ್ಯೂಟರ್ ಇದ್ದದ್ದು ಮಂಚದ ಕಾಲದೆಸೆಯಲ್ಲಿ. ಇಂಟರ್ನೆಟ್ಟಿನ ತಂತಿ ಗೋಡೆ ಕೊರೆದುಕೊಂಡು ಮನೆಯೊಳಗೆ ಬಂದದ್ದೇ ಅಲ್ಲಿಗೆ. ತಂತಿ ಎಳೆಯಲು ಬಂದವನು, ‘ಇಲ್ಲೇ ಇರ್ಲಿ ಬಿಡಿ ಸಾರ್’ ಎಂದಾಗ ಅವನು ಏನೂ ಹೇಳಿರಲಿಲ್ಲ. ಏನೂ ಹೇಳದೆ ಇದ್ದುದರಿಂದ ಆಗಿಹೋದ ಕೆಲಸಗಳು ಅವನ ಬದುಕಿನಲ್ಲಿ ಬಹಳ. ಈಗ ಕೀಲಿಗಳನ್ನು ಬೆರಳ ತುದಿಯಿಂದ, ಬಿಸಿ ಪಾತ್ರೆ ಮುಟ್ಟುವವನಂತೆ ಒತ್ತುತ್ತಿದ್ದ. ಪರದೆಯ ಮೇಲೆ ಒಂದು ಚೌಕ ಮೂಡಿತು: ‘ನೀವು ಕಚೇರಿಯ ಹೊರಗಿದ್ದೀರಿ. ಹೊರಗಿನಿಂದ ಒಳಗೆ ಬರುವ ವಿಧಾನಕ್ಕೆ ಸಹಾಯ ಪುಟ ನೋಡಿ.’ ಸಹಾಯ ಪುಟವನ್ನು ಒತ್ತಿದ. ‘ಈ ಪುಟ ಒಳಗಿರುವವರಿಗೆ ಮಾತ್ರ.’ ಅವನಿಗೆ ನಗು ಬರಬೇಕಿತ್ತು. ಬದಲಿಗೆ ಯಾರದೋ ಮನೆಯ ಗೇಟಿನ ಹೊರಗೆ ನಿಂತು ಚಿಲಕದ ಮೇಲೆ ಕೈಯಿಟ್ಟು, ನಾಯಿ ಇದೆಯೋ ಇಲ್ಲವೋ ಎಂದು ಹಣಕುವಾಗ ಆಗುವಂಥ ಸಂಕೋಚವಾಯಿತು.

ಮನೆಯ ಕಂಪ್ಯೂಟರಿನಿಂದ ಕಚೇರಿಯ ಕಡತಗಳವರೆಗೆ ಯಾರ ಕಣ್ಣಿಗೂ ಬೀಳದಂತೆ ಹೋಗುವ ಒಳದಾರಿಯೊಂದಿದೆಯಂತೆ. ಅದಕ್ಕೆ ವಿಪಿಎನ್ ಅನ್ನುತ್ತಾರೆ. ಅದನ್ನು ಹಾಕಿಕೊಂಡು ಇವತ್ತು ಹನ್ನೆರಡು ಗಂಟೆಯೊಳಗೆ ಹಾಜರಿ ತೋರಿಸಿದರೆ ನಾಳೆಯಿಂದ ಮನೆಯಲ್ಲೇ ಕೂತು ಕೆಲಸ ಮಾಡಬಹುದು. ತೋರಿಸದಿದ್ದರೆ ಅರ್ಜಿ ರದ್ದು, ನಾಳೆ ಮತ್ತೆ ಅದೇ ಮೇಜು, ಅದೇ ಕುರ್ಚಿ. ಮೇಲಧಿಕಾರಿಗಳು ಇದನ್ನು ಅರ್ಜಿಯ ಕೆಳಗೆ ಹಸಿರು ಶಾಯಿಯಲ್ಲಿ ಬರೆದಿದ್ದರು. ಅರ್ಜಿಯಲ್ಲಿ ಅವನು ಕಾರಣವೆಂದು ಬೆನ್ನುನೋವು ಬರೆದಿದ್ದ. ಬೆನ್ನಿಗೆ ಏನೂ ಆಗಿರಲಿಲ್ಲ. ನೋವಿದ್ದದ್ದು ಎಡಗಡೆ, ಪಕ್ಕದ ಕುರ್ಚಿಯ ಕಡೆ. ಆ ಕುರ್ಚಿಯಲ್ಲಿ ಹನ್ನೊಂದು ವರ್ಷದಿಂದ ಕುಳಿತವರನ್ನು ಕಚೇರಿಯಲ್ಲಿ ಎಲ್ಲರೂ ಬೆನ್ನ ಹಿಂದೆ ಪೆನ್ಸಿಲಪ್ಪ ಎನ್ನುತ್ತಿದ್ದರು, ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್ ಇರುತ್ತಿದ್ದುದರಿಂದ. ಈ ಒಳದಾರಿಯ ಕೈಪಿಡಿಯನ್ನು, ಹದಿನಾಲ್ಕು ಹಾಳೆ, ಅಚ್ಚು ತೆಗೆದು ಮೂಲೆಗೆ ಪಿನ್ನು ಹೊಡೆದು ಕೊಟ್ಟವರೂ ಅವರೇ. ಹಾಳೆಗಳ ಅಂಚಿನಲ್ಲಿ ಅವರ ಸಣ್ಣ, ನೆಟ್ಟಗಿನ ಅಕ್ಷರ: ‘ಇಲ್ಲಿ ಎರಡು ಸಲ ಒತ್ತಿ.’ ‘ಇಲ್ಲಿ ಗಾಬರಿಯಾಗಬೇಡಿ, ಹಾಗೇ ಬರುತ್ತದೆ.’ ಕೊನೆಯ ಹಾಳೆಯಲ್ಲಿ: ‘ಆಗದಿದ್ದರೆ ಫೋನ್ ಮಾಡಿ. ನಾನು ಇರುತ್ತೇನೆ.’ ತನ್ನಿಂದ ತಪ್ಪಿಸಿಕೊಂಡು ಹೋಗುವವನಿಗೆ ದಾರಿ ತೋರಿಸಿ, ದಾರಿಯಲ್ಲಿ ಎಡವಬಾರದೆಂದು ಕಲ್ಲನ್ನೂ ಎತ್ತಿ ಪಕ್ಕಕ್ಕಿಟ್ಟ ಹಾಗಿತ್ತು. ಆ ಕೊನೆಯ ಹಾಳೆಯನ್ನು ಅವನು ಪಿನ್ನಿನಿಂದ ಬಿಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡಿದ್ದ.

ಸಿಬ್ಬಂದಿ ಸಂಖ್ಯೆ ಹಾಕಿದ, ಪಾಸ್‌ವರ್ಡ್ ಹಾಕಿದ. ಕೈಪಿಡಿಯಲ್ಲಿದ್ದಂತೆ ಎರಡು ಸಲ ಒತ್ತಿದ, ಗಾಬರಿಯಾಗಲಿಲ್ಲ. ‘ನಿಮ್ಮ ನೋಂದಾಯಿತ ಸಂಖ್ಯೆಗೆ ಆರು ಅಂಕಿಯ ಗುರುತು ಕಳಿಸಲಾಗುತ್ತಿದೆ. ಅದು ಮೂವತ್ತು ಸೆಕೆಂಡು ಮಾತ್ರ ನಡೆಯುತ್ತದೆ.’ ಅವನು ಮೊಬೈಲನ್ನು ಕೈಯಲ್ಲಿ ಹಿಡಿದು ಕಾದ. ನಡುಮನೆಯಲ್ಲಿ ಫೋನು ಹೊಡೆದುಕೊಂಡಿತು. ಕೆಲಸಕ್ಕೆ ಸೇರಿದ ದಿನ, ಹನ್ನೊಂದು ವರ್ಷದ ಹಿಂದೆ, ಮೊಬೈಲಿಗೆ ಕಚೇರಿಯವರು ಹೊತ್ತುಗೊತ್ತಿಲ್ಲದೆ ಕರೆ ಮಾಡಿಯಾರೆಂದು ಹೆದರಿ ಮನೆಯ ಫೋನಿನ ಸಂಖ್ಯೆ ಬರೆದು ಕೊಟ್ಟಿದ್ದು ಆಗ ನೆನಪಾಯಿತು. ಅದನ್ನು ಬದಲಾಯಿಸಬಹುದು, ಒಳಗೆ ಹೋದ ಮೇಲೆ. ನಡುಮನೆಯ ಫೋನು ಇದ್ದದ್ದು ಮಾವನ ಸುಪರ್ದಿನಲ್ಲಿ. ಹೆಂಡತಿಯ ತಂದೆ ಮೂವತ್ತಮೂರು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ತಮ್ಮ ಎದುರಿಗಿರುವ ಫೋನು ಎರಡನೇ ಸಲ ಹೊಡೆದುಕೊಂಡರೆ ಅದು ತಮಗೆ ಆಗುವ ಅವಮಾನ ಎಂದು ಇವತ್ತಿಗೂ ನಂಬಿದವರು.

‘ಹಲೋ, ಯಾರಮ್ಮಾ ಮಾತಾಡೋದು?’ ಎಂದರು ಮಾವ. ‘ನಾಲ್ಕಾ? ನಾಲ್ಕು ಯಾರು? ... ಒಂಬತ್ತು ಅಂದ್ರೆ? ಬಿಡಿಸಿ ಹೇಳಮ್ಮ, ನಿಧಾನ. ಯಾವ ಊರಿಂದ?’

ಅವನು ಮಂಚದ ಮೂಲೆಗೆ ಮೊಣಕಾಲು ತಗಲಿಸಿಕೊಂಡು ನಡುಮನೆಗೆ ಓಡುವಷ್ಟರಲ್ಲಿ ಮಾವ ಫೋನು ಕೆಳಗಿಟ್ಟು ಬೇಸರದಿಂದ ತಲೆಯಾಡಿಸುತ್ತಿದ್ದರು. ‘ಇಟ್ಬಿಟ್ಳು. ಈಗಿನವ್ರಿಗೆ ಲೈನಿನ ಮೇಲೆ ಮರ್ಯಾದೆ ಅನ್ನೋದೇ ಇಲ್ಲ.’

‘ಮಾವ, ಅದು ಮೆಷಿನ್ನು. ಈಗ ಮತ್ತೆ ಬರುತ್ತೆ. ಅದು ಹೇಳೋ ಆರು ಅಂಕಿ ಬೇಕು ನಂಗೆ.’

‘ಮೊದ್ಲೇ ಹೇಳ್ಬಾರ್ದಾ ಅಳಿಯಂದ್ರೇ? ಟಿಪ್ಪಣಿ ಬರ್ಕೋತೀನಿ. ನೀವು ಹೋಗಿ ಕೂತ್ಕೊಳ್ಳಿ.’

ಎರಡನೆಯ ಸಲ ಅವನೇ ಫೋನಿನ ಹತ್ತಿರ ನಿಂತು ಅಂಕಿಗಳನ್ನು ಕೇಳಿಸಿಕೊಂಡ. ಅವನ್ನು ಜಪಿಸುತ್ತಾ ಕೋಣೆಗೆ ನುಗ್ಗಿದಾಗ ಹೆಂಡತಿ ಹೊರಳಿ, ಕಣ್ಣು ಮುಚ್ಚಿಕೊಂಡೇ, ‘ಹನ್ನೆರಡನೇ ಬೆಡ್ಡಿಗೆ ಕೊಟ್ಟಾಯ್ತು’ ಎಂದಳು. ಅವನ ಬೆರಳು ತಾನಾಗಿ ಹನ್ನೆರಡನ್ನು ಒತ್ತಿತು. ಮೂರನೆಯ ಸಲ ಮಾವ ಮಾತಿಗೆ ತಪ್ಪದೆ ಬರೆದುಕೊಂಡರು. ಎಕ್ಸ್‌ಚೇಂಜಿನ ಅಭ್ಯಾಸದಂತೆ ಮೊದಲು ತಾರೀಕು, ಆಮೇಲೆ ಸಮಯ, ಆಮೇಲೆ ಅಂಕಿಗಳು, ಅಡಿಯಲ್ಲಿ ರುಜು. ಚೀಟಿ ಹಿಡಿದು ಬಂದು, ಮಗಳು ಮಲಗಿದ್ದಾಳೆಂದು ಬಾಗಿಲನ್ನು ಒಂದೇ ಬೆರಳಿನಿಂದ ಮೆಲ್ಲಗೆ ತಟ್ಟಿ, ಒಳಗಿನಿಂದ ಉತ್ತರ ಬರುವವರೆಗೆ ಕಾದರು. ಅಂಕಿಗಳು ಮುದ್ದಾಗಿದ್ದವು, ಆರೂ ಸರಿಯಾಗಿದ್ದವು, ಸತ್ತುಹೋಗಿದ್ದವು. ಪರದೆ ಕೆಂಪಾಯಿತು: ‘ಮೂರು ಸಲ ತಪ್ಪಿದ್ದರಿಂದ ನಿಮ್ಮ ಖಾತೆಗೆ ಬೀಗ ಹಾಕಲಾಗಿದೆ. ಸಹಾಯವಾಣಿಯನ್ನು ಸಂಪರ್ಕಿಸಿ.’ ಗಂಟೆ ಹನ್ನೊಂದು ಇಪ್ಪತ್ತು.

‘ಬೇಜಾರು ಮಾಡ್ಕೋಬೇಡಿ,’ ಎಂದರು ಮಾವ, ಬಾಗಿಲ ಸಂದಿನಲ್ಲಿ ಪಿಸುದನಿಯಲ್ಲಿ. ಕಿವಿ ಮಂದವಾದವರ ಪಿಸುದನಿ ಬೀದಿಗೆ ಕೇಳುವಂತಿತ್ತು. ‘ನಮ್ಮ ಕಾಲದಲ್ಲಿ ದೂರದೂರಿಗೆ ಒಂದು ಟ್ರಂಕ್ ಕಾಲಿಗೆ ಅರ್ಧ ದಿನ ಕಾಯೋರು ಜನ. ಅಷ್ಟು ಕಾದು, ಲೈನ್ ಸಿಕ್ಕಿ, ಮಾತಾಡಿ ಅಂತ ನಾನು ಹೇಳಿದ ಮೇಲೂ ಕೆಲವರು ಮಾತಾಡ್ತಾನೇ ಇರ್ಲಿಲ್ಲ. ಈ ಕಡೆ ಉಸಿರು, ಆ ಕಡೆ ಉಸಿರು. ಆದ್ರೂ ನಾವು ಲೈನ್ ಕೀಳ್ತಿರ್ಲಿಲ್ಲ. ದುಡ್ಡು ಕೊಟ್ಟ ಮೂರು ನಿಮಿಷ ಅವರದು. ಬೇಕಾದ್ರೆ ಸುಮ್ನಿರ್ಲಿ.’

ಸಹಾಯವಾಣಿಯ ಹೆಂಗಸಿನ ದನಿ ಇಸ್ತ್ರಿ ಮಾಡಿದಂತಿತ್ತು. ಗುಣಮಟ್ಟಕ್ಕಾಗಿ ಈ ಕರೆಯನ್ನು ಧ್ವನಿಮುದ್ರಿಸಿಕೊಳ್ಳಲಾಗುತ್ತಿದೆ ಎಂದು ಮೊದಲೇ ಹೇಳಿದಳು. ಮುದ್ರಿಸಿಕೊಳ್ಳುವುದು ಎಂದ ಕೂಡಲೇ ಅವನು ಮೊಬೈಲನ್ನು ಬಾಯಿಂದ ತುಸು ದೂರ ಹಿಡಿದ.

‘ಸರ್, ಸ್ವಲ್ಪ ಜೋರಾಗಿ ಮಾತಾಡ್ತೀರಾ?’

‘ಆಗಲ್ಲ. ಮನೆಯವರು ಮಲಗಿದಾರೆ.’

‘ಹಾಗಾದ್ರೆ ಹೊರಗೆ ಬನ್ನಿ ಸರ್.’

‘ಕಂಪ್ಯೂಟರ್ ಒಳಗಿದೆ.’

‘ಕಂಪ್ಯೂಟರ್ ಒಳಗಿದೆ, ನೀವು ಹೊರಗಿದ್ದೀರಿ. ಅಲ್ವಾ ಸರ್?’

‘ಅಲ್ಲ. ಕಂಪ್ಯೂಟರೂ ಒಳಗಿದೆ, ನಾನೂ ಒಳಗಿದೀನಿ. ಆದ್ರೆ ಇಬ್ಬರೂ ಆಫೀಸಿನ ಹೊರಗಿದೀವಿ.’

ಆ ಕಡೆ ಕೀಲಿಗಳ ಸದ್ದು. ಅವನು ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದಾಳೆ. ಹೀಗೇ ಬರೆದುಕೊಂಡಿದ್ದರು ಅವತ್ತೂ. ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜು, ಅದರ ತುದಿಯಲ್ಲಿ ತಲೆ ಬಗ್ಗಿಸಿ ಬರೆಯುವ ಶೀಘ್ರಲಿಪಿಕಾರ, ಗಾಜಿನ ಲೋಟದ ಮೇಲೆ ಮುಚ್ಚಿಟ್ಟ ಕಾಗದ. ಅವನ ಕಚೇರಿಯ ಕೆಲಸ ಲಿಫ್ಟುಗಳದು. ತಪಾಸಕರು ಕಟ್ಟಡಗಳಿಗೆ ಹೋಗಿ ಅಳೆದು ಕಳಿಸಿದ ವರದಿಗಳಲ್ಲಿ ಹಗ್ಗದ ದಪ್ಪ, ಬ್ರೇಕಿನ ಅಂತರ, ಬಾಗಿಲ ಸಂದು ಸರಿಯಿದೆಯೇ ಎಂದು ನೋಡಿ, ಸರಿಯಿದ್ದರೆ ದುಂಡು ಮೊಹರು ಒತ್ತಿ ಸಹಿ ಹಾಕುವುದು. ಒಂದು ವರದಿಯಲ್ಲಿ ಬ್ರೇಕಿನ ಅಂಕಿ ತಲೆಕೆಳಗಾಗಿತ್ತು. ಪೆನ್ಸಿಲಪ್ಪನವರು ಅದನ್ನು ಕಂಡುಹಿಡಿದು, ಸುತ್ತ ಪೆನ್ಸಿಲಿನಲ್ಲಿ ವೃತ್ತ ಹಾಕಿ, ಅವನ ಪಕ್ಕದಲ್ಲೇ ಕೂತು ಮೇಲಧಿಕಾರಿಗೆ ಫೋನಿನಲ್ಲಿ ಹೇಳಿದ್ದರು: ‘ಇದು ತಪ್ಪಿದೆ ಸಾರ್. ನಾನು ಮೊಹರು ಒತ್ತಲ್ಲ. ... ನೀವೇ ಒತ್ತಿ ಅಂದ್ರೆ ಒತ್ತೀನಿ. ಆದ್ರೆ ತಪ್ಪಿದೆ ಅಂತ ಹೇಳಿದೀನಿ.’ ಎರಡು ಸಲ ಹೇಳಿದ್ದರು. ಮೂರು ವಾರದ ಮೇಲೆ ಆ ಲಿಫ್ಟು ಇಬ್ಬರನ್ನು ಹೊಟ್ಟೆಯೊಳಗಿಟ್ಟುಕೊಂಡು ನಾಲ್ಕು ಗಂಟೆ ಎರಡು ಮಹಡಿಗಳ ನಡುವೆ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಸಹಿ ಪೆನ್ಸಿಲಪ್ಪನವರದಿತ್ತು, ಪೆನ್ಸಿಲಿನ ವೃತ್ತವನ್ನು ಯಾರೋ ಅಳಿಸಿದ್ದರು, ಮೇಲಧಿಕಾರಿ ಅಂಥ ಫೋನು ಬಂದೇ ಇಲ್ಲ ಎಂದರು. ‘ಇವರು ಹೇಳಿದ್ದು ನಿಮಗೆ ಕೇಳಿಸಿತ್ತೇ?’ ಎಂದು ವಿಚಾರಣೆಯವರು ಅವನನ್ನು ಕೇಳಿದರು. ಅವನು ಸುಳ್ಳು ಹೇಳಲಿಲ್ಲ. ಹೇಳಿದ್ದರೆ ಅದೊಂದು ಅಪರಾಧವಾದರೂ ಆಗುತ್ತಿತ್ತು. ಲೋಟದ ಮೇಲಿನ ಕಾಗದ ಫ್ಯಾನಿನ ಗಾಳಿಗೆ ಅಂಚೆತ್ತುವುದನ್ನು ನೋಡುತ್ತ ಕೂತ. ಬರೆಯುವವನು ಸ್ವಲ್ಪ ಹೊತ್ತು ಕಾದು, ‘ಸಾಕ್ಷಿಗೆ ಹೇಳುವುದೇನೂ ಇಲ್ಲ’ ಎಂದು ಬರೆದುಕೊಂಡ. ಆ ವಾರವೇ ದುಂಡು ಮೊಹರು ಪೆನ್ಸಿಲಪ್ಪನವರ ಖಾನೆಯಿಂದ ಅವನ ಖಾನೆಗೆ ಬಂತು. ಅವರೇ ಒರೆಸಿ ಕೊಟ್ಟರು. ‘ಪ್ಯಾಡಿಗೆ ಶಾಯಿ ಕಮ್ಮಿ ಹಾಕಿ. ಜಾಸ್ತಿ ಆದ್ರೆ ಹರಡುತ್ತೆ,’ ಎಂದರು. ಅದಾಗಿ ಎಂಟು ತಿಂಗಳಾಯಿತು. ಅವರು ಅದರ ಬಗ್ಗೆ ಒಂದು ಮಾತೂ ಆಡಿಲ್ಲ. ನಾಲ್ಕು ಗಂಟೆಗೆ ಬಿಸ್ಕತ್ತಿನ ಪೊಟ್ಟಣ ಬಿಚ್ಚಿ ಮೊದಲಿನ ಹಾಗೆ ಅವನ ಕಡೆ ಸರಿಸುತ್ತಾರೆ. ಬೈದುಬಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು. ಆ ಬಿಸ್ಕತ್ತನ್ನು ಕಟಕಟ ಸದ್ದಾಗದಂತೆ, ಬಾಯಲ್ಲೇ ನೆನೆಸಿ ನುಂಗುವುದನ್ನು ಅವನು ಕಲಿತಿದ್ದ.

‘ಸರ್, ಲೈನಿನಲ್ಲಿದ್ದೀರಾ? ನಿಮ್ಮ ಖಾತೆಯ ಬೀಗ ತೆಗೀಬೇಕು ಅಂದ್ರೆ ನಿಯಮದ ಪ್ರಕಾರ ನಿಮ್ಮ ವಿಭಾಗದ ಒಬ್ಬರು ಆಫೀಸಿನ ಫೋನಿನಿಂದ ನಿಮ್ಮ ದನಿ ಕೇಳಿ, ಇದು ಅವರೇ ಅಂತ ಗುರುತಿಸ್ಬೇಕು. ಆಮೇಲೆ ಆರು ಅಂಕಿ ಬೇಕಾಗಲ್ಲ.’

ಇವತ್ತು ವಿಭಾಗದವರೆಲ್ಲ ತರಬೇತಿಗೆ ಹೋಗಿದ್ದಾರೆಂದು ಅವನಿಗೆ ಗೊತ್ತಿತ್ತು. ಸಹಿಯ ಅಧಿಕಾರ ಇದ್ದವರಿಗೆ, ಬರಲಿರುವವರಿಗೆ ಮಾತ್ರ ತರಬೇತಿ; ಅವನಿಗೆ ಈ ಹಾಜರಿಗಾಗಿ ಇವತ್ತು ವಿನಾಯಿತಿ ಸಿಕ್ಕಿತ್ತು. ಕಚೇರಿಯಲ್ಲಿ ಇರುವವರು ಒಬ್ಬರೇ.

‘ಬೇರೆ ದಾರಿ ಇಲ್ವಾ?’

‘ನೀವೇ ಆಫೀಸಿಗೆ ಬಂದು ಗುರುತಿನ ಚೀಟಿ ತೋರಿಸ್ಬಹುದು ಸರ್.’

ಗಂಟೆ ಹನ್ನೊಂದು ಮೂವತ್ತೆಂಟು. ಬಸ್ಸು ಹಿಡಿದರೂ ಒಂದು ಗಂಟೆಯ ದಾರಿ. ಅವನು ‘ಸರಿ’ ಎಂದ. ಪೆನ್ಸಿಲಪ್ಪನವರ ಪಕ್ಕದಲ್ಲಿ ಕೂರದೇ ಇರಬೇಕಾದರೆ ಪೆನ್ಸಿಲಪ್ಪನವರೇ ಹೂಂ ಅನ್ನಬೇಕು ಎಂಬುದು ಅವನಿಗೆ ಆ ‘ಸರಿ’ಯ ನಂತರ ಪೂರ್ತಿಯಾಗಿ ಅರ್ಥವಾಯಿತು. ಒಂದು ಸಂಗೀತದ ತುಣುಕು ಹನ್ನೆರಡು ನಿಮಿಷ ಸುತ್ತಿ ಸುತ್ತಿ ಬಂತು. ಹೆಂಡತಿಯ ಕಾಲುಚೀಲದ ಹೆಬ್ಬೆರಳ ಬಳಿ ಒಂದು ತೂತು ಇತ್ತು. ಆ ತೂತಿನಿಂದ ಹೆಬ್ಬೆರಳು ಅವನನ್ನೇ ನೋಡುತ್ತಿತ್ತು.

‘ಹಲೋ, ಹೇಳಿಯಮ್ಮ,’ ಎಂದಿತು ಪರಿಚಿತ ದನಿ. ಹಿಂದೆ ಖಾಲಿ ಕಚೇರಿಯ ಫ್ಯಾನು ಕಿರುಗುಟ್ಟುತ್ತಿತ್ತು.

ಅವಳು ನಿಯಮ ಓದಿ ಹೇಳಿದಳು. ‘ಸರ್, ಈಗ ನೀವು ನಿಮ್ಮ ಸಿಬ್ಬಂದಿ ಸಂಖ್ಯೆ, ಹುದ್ದೆ ಹೇಳಿ.’

ಅವನು ಪಿಸುಗುಟ್ಟಿದ.

‘ಯಾರೋ ಪಿಸಪಿಸ ಅಂತಿದಾರಲ್ಲಮ್ಮ,’ ಎಂದರು ಪೆನ್ಸಿಲಪ್ಪ. ‘ಪಿಸಪಿಸ ಅನ್ನೋವಾಗ ಎಲ್ರೂ ಒಂದೇ ಥರ ಕೇಳಿಸ್ತಾರೆ.’

ಅವನು ಇನ್ನೊಂದಿಷ್ಟು ಹೇಳಿದ: ಬೆಳಗಿನಿಂದ ಪ್ರಯತ್ನಿಸುತ್ತಿರುವುದು, ಮಾವ, ಆರು ಅಂಕಿ, ಕೈಪಿಡಿ ತುಂಬ ಉಪಯೋಗಕ್ಕೆ ಬಂದದ್ದು. ಹೇಳುತ್ತ ಹೇಳುತ್ತ ತನಗೇ ಅದು ಯಾರೋ ಬೇರೆಯವರ ದನಿಯಂತೆ, ಏನನ್ನೋ ಮಾರಲು ಬಂದವನ ದನಿಯಂತೆ ಕೇಳಿಸಿತು.

‘ಅಲ್ಲಮ್ಮ,’ ಎಂದರು ಪೆನ್ಸಿಲಪ್ಪ, ಯೋಚಿಸಿ. ದನಿಯಲ್ಲಿ ಕಹಿಯಿರಲಿಲ್ಲ; ವರದಿಯ ಒಂದು ಸಾಲನ್ನು ಬೆರಳಿಟ್ಟು ನೋಡುವಾಗಿನ ಎಚ್ಚರವಿತ್ತು. ‘ನಮ್ಮವರು ಇಷ್ಟು ಮಾತಾಡಲ್ಲ. ಹನ್ನೊಂದು ವರ್ಷದಲ್ಲಿ ಒಟ್ಟು ಇಷ್ಟು ಮಾತಾಡಿದ್ರೆ ಹೆಚ್ಚು. ನಂಗೆ ಖಾತ್ರಿ ಇಲ್ದೆ ಹೌದು ಅನ್ನೋಕಾಗಲ್ಲ ತಾಯಿ. ಒಂದ್ಸಲ ಹಾಗೆ ಸಹಿ ಹಾಕಿ ಅನುಭವಿಸಿದೀನಿ.’

‘ಹಾಗಾದ್ರೆ ನಿಯಮದಲ್ಲಿ ಇನ್ನೊಂದಿದೆ. ನಿಮ್ಮಿಬ್ಬರಿಗೆ ಮಾತ್ರ ಗೊತ್ತಿರೋ ಒಂದು ಪ್ರಶ್ನೆ ಕೇಳ್ಬಹುದು ಸರ್. ಒಂದೇ.’

ಫ್ಯಾನು ಕಿರುಗುಟ್ಟಿತು. ಬಿಸ್ಕತ್ತು ಕೇಳಲಿ ಎಂದು ಅವನು ಹಾರೈಸಿದ. ಯಾವ ಬಿಸ್ಕತ್ತು, ಎಷ್ಟು ಗಂಟೆಗೆ, ಪೊಟ್ಟಣವನ್ನು ಯಾವ ಕಡೆಯಿಂದ ಬಿಚ್ಚುತ್ತಾರೆ, ಎಲ್ಲವೂ ಅವನಿಗೆ ಗೊತ್ತಿತ್ತು.

‘ಆ ಬ್ರೇಕಿನ ವಿಷಯ ನಾನು ಫೋನಲ್ಲಿ ಹೇಳಿದ್ದು ಅವ್ರಿಗೆ ಕೇಳಿಸಿತ್ತಾ ಅಂತ ಕೇಳಿ,’ ಎಂದರು ಪೆನ್ಸಿಲಪ್ಪ.

‘ಸರ್, ಕೇಳಿಸಿಕೊಂಡ್ರಲ್ಲ. ಉತ್ತರ ಹೇಳಿ,’ ಎಂದಳು ಅವಳು. ಎರಡೂ ಕಡೆಯ ಮಾತು ಎಲ್ಲೋ ಒಂದು ಕಡೆ ಮುದ್ರಣವಾಗುತ್ತಿತ್ತು. ಒಂದೇ ಪದ. ಅದು ನಾಲಿಗೆಯ ಬುಡಕ್ಕೆ ಬಂದು, ಎಂಟು ತಿಂಗಳಿಂದ ಅಲ್ಲೇ ಕೂತು ಸವೆದು ನುಣುಪಾದ ಕಲ್ಲಿನಂತೆ ಹೊರಳಿತು. ಹೇಳಿದರೆ ಬಾಗಿಲು ತೆರೆಯುತ್ತದೆ, ಹೇಳಿದ್ದು ಉಳಿಯುತ್ತದೆ, ಮೇಲಧಿಕಾರಿಯ ಹಸಿರು ಶಾಯಿ, ಖಾನೆಯಲ್ಲಿರುವ ಮೊಹರು, ಎಲ್ಲಕ್ಕೂ ಅದು ಮುಟ್ಟುತ್ತದೆ. ಇಲ್ಲ ಎಂದರೂ ಉತ್ತರವೇ. ಪರದೆಯ ಮೂಲೆಯಲ್ಲಿ ಹನ್ನೊಂದು ಐವತ್ತಾರು ಐವತ್ತೇಳಾಯಿತು. ಹೆಂಡತಿ ನಿದ್ದೆಯಲ್ಲಿ ಮಗ್ಗುಲಾದಳು. ನಡುಮನೆಯಲ್ಲಿ ಮಾವ ಕೆಮ್ಮಿ, ಕೆಮ್ಮನ್ನು ಅರ್ಧಕ್ಕೇ ತಡೆದರು. ಕಣ್ಣೆದುರು ಅವತ್ತಿನ ಲೋಟದ ಮೇಲಿನ ಕಾಗದ ಅಂಚೆತ್ತಿತು, ಇಳಿಯಿತು, ಅಂಚೆತ್ತಿತು. ಅವನು ಬಾಯಿ ತೆರೆದುಕೊಂಡೇ ಕೂತಿದ್ದ.

‘ಸರ್?’ ಎಂದಳು ಅವಳು.

‘ಹಾಂ, ಅವರೇ ಅಮ್ಮ,’ ಎಂದರು ಪೆನ್ಸಿಲಪ್ಪ. ‘ಈಗ ಗುರುತು ಸಿಕ್ತು. ಬೀಗ ತೆಗೀರಿ.’

ಫೋನುಗಳು ಒಂದರ ಹಿಂದೆ ಒಂದು ಇಟ್ಟ ಸದ್ದು. ಪರದೆಯ ಕೆಂಪು ಹೋಗಿ ಹಸಿರಾಯಿತು. ‘ಸ್ವಾಗತ. ನೀವು ಈಗ ಒಳಗಿದ್ದೀರಿ.’ ಹನ್ನೊಂದು ಐವತ್ತೆಂಟು. ಹಾಜರಿ ಬಿತ್ತು. ನಾಳೆಯಿಂದ ಆ ಕುರ್ಚಿ ಇಲ್ಲ. ಅವನು ಬೇಡಿದ್ದೆಲ್ಲ ಸಿಕ್ಕಿತ್ತು. ಎಡಗಡೆ ವಿಭಾಗದವರ ಪಟ್ಟಿ ತೆರೆದುಕೊಂಡಿತು, ಕುರ್ಚಿಗಳ ಕ್ರಮದಲ್ಲಿ. ಅವನ ಹೆಸರಿನ ಮುಂದೆ ಒಂದು ಹಸಿರು ಚುಕ್ಕೆ. ಅದಕ್ಕೆ ತಗಲಿಕೊಂಡಂತೆ ಇನ್ನೊಂದು ಹೆಸರು, ಇನ್ನೊಂದು ಹಸಿರು ಚುಕ್ಕೆ. ಉಳಿದವರೆಲ್ಲ ಬೂದು. ಎರಡು ಚುಕ್ಕೆಗಳ ನಡುವೆ ಒಂದು ಬೆರಳು ತೂರುವಷ್ಟೂ ಜಾಗವಿರಲಿಲ್ಲ. ಮೇಜಿಗೆ ಮೇಜು ಇದಕ್ಕಿಂತ ದೂರವಿದ್ದವು. ಚಿಕ್ಕ ಕಿಟಕಿಯೊಂದು ತೆರೆದು ಅವರ ಸಂದೇಶ ಬಂತು: ‘ಬಂದಿರಾ? ಬೆನ್ನು ಹೇಗಿದೆ?’

ಅವನು ಉತ್ತರದ ಜಾಗದಲ್ಲಿ ಮಿಣುಕುವ ಗೆರೆಯನ್ನು ನೋಡಿದ. ‘ಕೇ’ ಎಂದು ಒತ್ತಿ ಅಳಿಸಿದ. ‘ಬೆನ್ನು’ ಎಂದು ಒತ್ತಿ ಅಳಿಸಿದ. ಪೆನ್ಸಿಲಾಗಿದ್ದರೆ ಅಳಿಸಿದ ಗುರುತಾದರೂ ಉಳಿಯುತ್ತಿತ್ತು. ಸಹಿಗೆ ಕಾದ ವರದಿಗಳು ಇನ್ನೊಂದು ಪಕ್ಕದಲ್ಲಿ ಸಾಲಾಗಿ ನಿಂತಿದ್ದವು, ಪ್ರತಿಯೊಂದನ್ನೂ ಪೆನ್ಸಿಲಪ್ಪನವರು ನೋಡಿ, ಸರಿ ಎಂದು ಬರೆದು, ಸಹಿಯ ಜಾಗ ಖಾಲಿ ಬಿಟ್ಟದ್ದು. ಎಷ್ಟು ಹೊತ್ತು ಹಾಗೆ ಕೂತಿದ್ದನೋ. ಪರದೆ ಒಮ್ಮೆ ಕಪ್ಪಾಗಿ ಮತ್ತೆ ಬೆಳಗಿತು: ‘ಬಹಳ ಹೊತ್ತಿನಿಂದ ನೀವು ಏನೂ ಮಾಡಿಲ್ಲ. ಆದ್ದರಿಂದ ಸಂಪರ್ಕ ಕಡಿಯಲಾಗಿದೆ.’

ಅವನು ಅದನ್ನು ಎರಡು ಸಲ ಓದಿದ. ಬೆಳಗಿನಿಂದ ಆ ಯಂತ್ರ ಹೇಳಿದ್ದರಲ್ಲಿ ಪೂರ್ತಿ ನಿಜವಾದ ಮಾತು ಅದೊಂದೇ ಅನ್ನಿಸಿತು. ಮತ್ತೆ ಸಿಬ್ಬಂದಿ ಸಂಖ್ಯೆ ಹಾಕಲಿಲ್ಲ. ಎದ್ದು, ಬಾಗಿಲನ್ನು ಹಿಂದಿನಿಂದ ಸದ್ದಾಗದಂತೆ ಎಳೆದುಕೊಂಡು ನಡುಮನೆಗೆ ಬಂದ. ಜೇಬಿನಿಂದ ಕೊನೆಯ ಹಾಳೆ ತೆಗೆದು ಮಾವನ ಮುಂದೆ ಹಿಡಿದ. ಪೆನ್ಸಿಲಿನ ಆ ಸಾಲಿನ ಕೆಳಗೆ ಒಂದು ಸಂಖ್ಯೆಯೂ ಇತ್ತು.

‘ಈ ನಂಬರ್ ಬೇಕಿತ್ತು ಮಾವ.’

ಮಾವ ನೆಟ್ಟಗೆ ಕೂತರು. ಕನ್ನಡಕ ಸರಿಮಾಡಿಕೊಂಡು, ಒಂದೊಂದೇ ಅಂಕಿಯನ್ನು ಗಟ್ಟಿಯಾಗಿ ಹೇಳುತ್ತ ಒತ್ತಿದರು. ರಿಸೀವರನ್ನು ಕಿವಿಗಿಟ್ಟು ಆಲಿಸಿ, ‘ಲೈನಲ್ಲೇ ಇರಿ, ನಿಮಗೊಂದು ಕರೆ ಇದೆ,’ ಎಂದು, ಅದನ್ನು ಅವನ ಕೈಗೆ ಕೊಟ್ಟರು. ‘ಮಾತಾಡಿ.’

ಆ ಕಡೆ ಫ್ಯಾನು. ಅವನು ಉಸಿರೆಳೆದುಕೊಂಡ, ಬಿಟ್ಟ.

‘ಹೇಳಿ, ಹೇಳಿ,’ ಎಂದರು ಪೆನ್ಸಿಲಪ್ಪ. ‘ನೀವೇ ಅಂತ ಗೊತ್ತಾಯ್ತು.’

ಮಾವ ಮೂರು ಬೆರಳೆತ್ತಿ ತೋರಿಸಿದರು.

‘ಕೇಳಿಸಿತ್ತು,’ ಎಂದ ಅವನು. ಬೆಳಗಿನಿಂದ ಅಭ್ಯಾಸವಾದ ಪಿಸುದನಿಯಲ್ಲೇ ಅದು ಹೊರಬಂತು.

‘ಏನು? ಫ್ಯಾನಿನ ಸದ್ದು ನೋಡಿ, ಏನೂ ಕೇಳಿಸ್ಲಿಲ್ಲ. ಸ್ವಲ್ಪ ಜೋರಾಗಿ ಹೇಳಿ.’

ಅವನು ಮುಚ್ಚಿದ ಬಾಗಿಲ ಕಡೆ ಒಮ್ಮೆ ನೋಡಿದ. ‘ಕೇಳಿಸಿತ್ತು ಸಾರ್!’ ಎಂದು ಕೂಗಿದ. ಮಾವ ಬೆಚ್ಚಿದರು, ಕೋಣೆಯೊಳಗೆ ಮಂಚ ಕಿರ್ರೆಂದಿತು. ‘ಬ್ರೇಕಿನ ವಿಷಯ ನೀವು ಹೇಳಿದ್ದು! ಎರಡು ಸಲ ಹೇಳಿದ್ರಿ! ಎರಡು ಸಲಾನೂ ಕೇಳಿಸಿತ್ತು!’

ಬಾಗಿಲು ತೆರೆದು, ಕೆದರಿದ ತಲೆಯಲ್ಲಿ ಹೆಂಡತಿ ನಿಂತಳು. ‘ಏನ್ರೀ ಆಯ್ತು? ಯಾರಿಗೆ?’ ಮಾವ ಅವಳಿಗೆ ಸುಮ್ಮನಿರುವಂತೆ ಸನ್ನೆ ಮಾಡಿದರು. ಆ ಕಡೆ ಫ್ಯಾನು ನಿಂತಂತಿತ್ತು; ಅವರು ಎದ್ದು ಹೋಗಿ ಆರಿಸಿರಬೇಕು. ಕಿವಿಯ ಮೇಲಿಂದ ತೆಗೆದ ಏನನ್ನೋ ಮೇಜಿನ ಮೇಲಿಟ್ಟ ಸಣ್ಣ ಸದ್ದು, ಆಮೇಲೆ ಬರೀ ಉಸಿರು. ಅವನು ರಿಸೀವರನ್ನು ಕಿವಿಗೆ ಒತ್ತಿಹಿಡಿದು ನಿಂತ. ಮಾವ ಗಡಿಯಾರ ನೋಡಿ ಒಂದು ಬೆರಳು ಮಡಿಸಿದರು.